ನಲವತ್ತೊಂದು ಕಿಲೋಮೀಟರ್

ಹೊಸ ಡಬ್ಬಿ ಇನ್ನೇನು ಬಂದೇಬಿಟ್ಟಿತು ಎಂದು ಕಂಪನಿಯವರು ಹೇಳಲು ತೊಡಗಿ ಮೂರು ತಿಂಗಳಾಗಿತ್ತು. ಎರಡು ಸಲ ದಿನಾಂಕ ಕೊಟ್ಟರು, ಎರಡು ಸಲವೂ ಮುಂದಕ್ಕೆ ಹಾಕಿದರು. ಅವರಿಗೇನು, ಎಲ್ಲೋ ತಣ್ಣಗೆ ಕೂತು ಮುಂದಕ್ಕೆ ಹಾಕುತ್ತಾರೆ. ಬೈಸಿಕೊಳ್ಳಲು ಅಂಗಡಿಯ ಮೂರನೇ ಕೌಂಟರಿನಲ್ಲಿ ನಾನಿದ್ದೇನಲ್ಲ.

ಅದರ ಪೂರ್ತಿ ಹೆಸರು ಸ್ಮಾರ್ಟ್ ಹೋಮ್ ಹಬ್. ಮನೆಯ ದೀಪ, ಬಾಗಿಲಿನ ಬೀಗ, ಹೀಟರ್, ಕ್ಯಾಮೆರಾ ಎಲ್ಲವೂ ಅದೊಂದರ ಮಾತು ಕೇಳುತ್ತವೆ, ಅದು ಮನೆಯವರ ಮಾತು ಕೇಳುತ್ತದೆ. ಸಾಬೂನಿನ ಡಬ್ಬಿಯಷ್ಟೇ ಇರುವುದರಿಂದ ಅಂಗಡಿಯಲ್ಲಿ ನಾವೆಲ್ಲ ಅದನ್ನು ಡಬ್ಬಿ ಎಂದೇ ಕರೆಯುತ್ತೇವೆ. ಹೊಸದಕ್ಕಾಗಿ ಜನ ಚಾತಕಪಕ್ಷಿಗಳ ಹಾಗೆ ಕಾಯುತ್ತಿದ್ದರು. ನಿವೃತ್ತ ಮೇಷ್ಟರೊಬ್ಬರು ದಿನಾ ವಾಕಿಂಗ್ ಮುಗಿಸಿ ಬಂದು, "ಬಂತೇನಮ್ಮಾ?" ಎಂದು ಕೇಳುತ್ತಿದ್ದರು. "ಇಲ್ಲ ಸರ್" ಎಂದರೆ, ನಾನೇ ಅದನ್ನು ಬಚ್ಚಿಟ್ಟುಕೊಂಡಿದ್ದೇನೇನೋ ಎಂಬಂತೆ ಮೇಜಿನ ಕೆಳಗೆ ಒಮ್ಮೆ ಬಗ್ಗಿ ನೋಡಿ ಹೋಗುತ್ತಿದ್ದರು. ಇನ್ನೊಬ್ಬರು ಹಲ್ಲಿನ ಡಾಕ್ಟರು. ಅವರು ಬರುತ್ತಿರಲಿಲ್ಲ, ಫೋನ್ ಮಾಡಿ ರೇಗುತ್ತಿದ್ದರು. ನನ್ನ ಬಾಯಿಯೂ ಕಡಿಮೆಯದಲ್ಲ. "ಡಾಕ್ಟ್ರೇ, ನಿಮ್ಮ ಹತ್ರ ಹಲ್ಲು ಕೀಳಿಸ್ಕೊಳ್ಳೋಕೆ ನಾನು ಎರಡು ಗಂಟೆ ಕಾದಿಲ್ವಾ?" ಎಂದು ಒಂದು ದಿನ ಕೇಳಿಯೇಬಿಟ್ಟೆ.

ಆ ದಿನಗಳನ್ನು ಈಗ ನೆನೆಸಿಕೊಂಡರೆ ನನಗೆ ನಗು ಬರುವುದಿಲ್ಲ.

ಎಲ್ಲರೂ ಹೊಸದು ಯಾವಾಗ ಬರುತ್ತದೆ ಎಂದು ಕೇಳಿದರೆ, ಒಬ್ಬಳು ಮಾತ್ರ ಬೇರೆ ಪ್ರಶ್ನೆ ಕೇಳಿದಳು.

"ಹಳೇದು ಯಾವಾಗ ನಿಲ್ಲುತ್ತೆ ಅಕ್ಕಾ?"

ಮೂವತ್ತು ದಾಟಿರದ ಹೆಂಗಸು. ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಗುರುತುಗಳು, ಅಂಗಿಯ ಅಂಚಿಗೆ ನಾಲ್ಕೈದು ಗುಂಡುಸೂಜಿಗಳು. ಮನೆಗಳಿಗೆ, ಆಫೀಸುಗಳಿಗೆ ಕಿಟಕಿ ಪರದೆ ಹೊಲಿದುಕೊಡುವ ಕೆಲಸ ಅವಳದು. ನಮ್ಮ ಅಂಗಡಿಯ ಪರದೆಗಳನ್ನು ಹೊಲಿದವಳೂ ಅವಳೇ ಎಂದು ಆಮೇಲೆ ತಿಳಿಯಿತು. ಹಳೆಯದು ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ನಿಲ್ಲುತ್ತದೆ, ಹೊಸದು ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಶುರುವಾಗುತ್ತದೆ, ಈ ಸಲ ದಿನಾಂಕ ಗಟ್ಟಿ ಎಂದು ಹೇಳಿದೆ. ಅವಳು ಬೆರಳು ಮಡಿಸಿ ಎಣಿಸಿದಳು.

"ಇಪ್ಪತ್ತೆರಡು ಗಂಟೆ," ಎಂದಳು. ಅವಳ ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು.

"ಅಯ್ಯೋ, ಒಂದು ದಿನ ದೀಪದ ಸ್ವಿಚ್ಚನ್ನ ಕೈಯಲ್ಲೇ ಒತ್ತಿದ್ರೆ ಬೆರಳೇನೂ ಸವೆಯಲ್ಲಮ್ಮ," ಎಂದೆ. ಎಲ್ಲರಿಗೂ ಅದನ್ನೇ ಹೇಳಿ ಹೇಳಿ ನಾಲಗೆಗೆ ರೂಢಿಯಾಗಿತ್ತು.

ನಾನು ಅವಳ ಹಳೆಯ ಡಬ್ಬಿಯ ಖಾತೆಯನ್ನು ಟ್ಯಾಬಿನಲ್ಲಿ ತೆರೆದೆ. ಹೊಸದು ಶುರುವಾಗುವ ದಿನ ನೂಕುನುಗ್ಗಲು ಆಗಬಾರದೆಂದು ನಮ್ಮಲ್ಲಿ ಒಂದು ಪದ್ಧತಿ ಇತ್ತು. ಹಳೆಯ ಡಬ್ಬಿಯಲ್ಲಿದ್ದ ವಿವರಗಳನ್ನೆಲ್ಲ ಮುಂಚೆಯೇ ಹೊಸದಕ್ಕೆ ತುಂಬಿಸಿ, ಸೀಲ್ ಮಾಡಿ, ಹಿಂದಿನ ದಿನವೇ ಮನೆಗಳಿಗೆ ತಲುಪಿಸಿಬಿಡುತ್ತಿದ್ದೆವು. ಹತ್ತು ಗಂಟೆಗೆ ಕಂಪನಿಯವರು ಅತ್ತ ಚಾಲೂ ಮಾಡಿದರೆ, ಇತ್ತ ಎಲ್ಲರ ಮನೆಯಲ್ಲೂ ಅದು ತಾನಾಗಿ ಕಣ್ಣು ಬಿಡುತ್ತದೆ. ಅವಳ ಮನೆಯ ಸದಸ್ಯರ ಪಟ್ಟಿಯಲ್ಲಿ ಎರಡೇ ಹೆಸರು: ಅಮ್ಮ, ಯಜಮಾನ. ಅಮ್ಮ ಎಂಬುದರ ಮುಂದೆ ಅಂಗಡಿಯಿಂದ ಮನೆಗಿದ್ದ ದೂರ. ಯಜಮಾನ ಎಂಬುದರ ಮುಂದೆ, ನಲವತ್ತೊಂದು ಕಿಲೋಮೀಟರ್.

"ಈ ಯಜಮಾನ್ರು ಮನೇಲಿ ಇರಲ್ವಾ? ತೆಗೆದುಬಿಡ್ಲಾ?" ಎಂದು ಬೆರಳು ಮುಂದೆ ಮಾಡಿದೆ.

ಅವಳು ನನ್ನ ಮಣಿಕಟ್ಟನ್ನು ಹಿಡಿದುಕೊಂಡಳು. ಹಿಡಿತ ಎಷ್ಟು ಬಿಗಿಯಿತ್ತೆಂದರೆ ನನಗೆ ನೋವಾಯಿತು.

"ಬೇಡ ಅಕ್ಕಾ. ಕೈ ಮುಗೀತೀನಿ, ಅದನ್ನ ಅಳಿಸಬೇಡಿ."

ಮಧ್ಯಾಹ್ನದ ಹೊತ್ತು, ಅಂಗಡಿ ಖಾಲಿ. ಒಳಗಿನ ರಿಪೇರಿ ಕೋಣೆಗೆ ಕರೆದುಕೊಂಡು ಹೋಗಿ ಸ್ಟೂಲಿನ ಮೇಲೆ ಕೂರಿಸಿ ನೀರು ಕೊಟ್ಟೆ. ಅಲ್ಲಿ ನಮ್ಮ ಟೆಕ್ನಿಷಿಯನ್ ಕೆಲಸ ಮಾಡುತ್ತಿದ್ದ. ಐವತ್ತೈದರ ಆಸುಪಾಸಿನವನು, ಕಿವಿಯ ಮೇಲೂ ಕೊರಳಲ್ಲೂ ಸದಾ ವೈರು ತೂಗುತ್ತಿದ್ದುದರಿಂದ ಎಲ್ಲರಿಗೂ ವೈರಣ್ಣ. ಅವನು ತಲೆ ಎತ್ತದೆ ಕೆಲಸ ಮುಂದುವರಿಸಿದ, ಆದರೆ ಕೇಳಿಸಿಕೊಳ್ಳುತ್ತಿದ್ದ.

ಅವಳು ಹೇಳಿದ್ದು ಇಷ್ಟು. ಗಂಡನ ಮನೆಯಿಂದ ಮಗಳನ್ನು ಎತ್ತಿಕೊಂಡು ಓಡಿಬಂದು ಹನ್ನೊಂದು ತಿಂಗಳು. ಯಾಕೆ ಓಡಿಬಂದಳೆಂದು ಹೇಳಲಿಲ್ಲ. ಕೂದಲನ್ನು ಪಕ್ಕಕ್ಕೆ ಸರಿಸಿ ಕಿವಿಯ ಹಿಂದಿನ ಜಾಗವನ್ನು ತೋರಿಸಿದಳು, ನಾನು ಮತ್ತೆ ಕೇಳಲಿಲ್ಲ. ಬರುವಾಗ ಬಟ್ಟೆಯ ಚೀಲದಲ್ಲಿ ಡಬ್ಬಿಯನ್ನೂ ಹಾಕಿಕೊಂಡು ಬಂದಿದ್ದಳು. ಆ ಡಬ್ಬಿಗೆ ಒಂದು ಗುಣವಿತ್ತು. ಮನೆಯ ಸದಸ್ಯರು ಎರಡು ಕಿಲೋಮೀಟರಿನೊಳಗೆ ಬಂದರೆ ಅದು ಗಟ್ಟಿಯಾಗಿ ಹೇಳುತ್ತಿತ್ತು. ಗಂಡ ಕೆಲಸದಿಂದ ವಾಪಸು ಬರುವಷ್ಟರಲ್ಲಿ ಮನೆ ಅವನಿಗೆ ಬೇಕಾದ ಹಾಗೆ ಇರಬೇಕಿತ್ತು, ಅದಕ್ಕೇ ಅವನು ಅದನ್ನು ತಂದು ಹಾಕಿದ್ದು. ಅವನ ಫೋನಿನಲ್ಲಿ ಆ ಆ್ಯಪು ಇನ್ನೂ ಹಾಗೇ ಇದೆ, ಅವನಿಗೆ ಅದರ ನೆನಪಿಲ್ಲ. ನಮ್ಮ ನಿಮ್ಮ ಫೋನುಗಳಲ್ಲೂ ಅಂಥವು ಹತ್ತಿಪ್ಪತ್ತು ಬಿದ್ದಿರುತ್ತವಲ್ಲ.

"ನಾಲ್ಕನೇ ತಿಂಗಳಲ್ಲಿ ಒಂದ್ಸಲ ಸಾಯಂಕಾಲ ಹೇಳ್ತು ಅಕ್ಕಾ. ಯಜಮಾನರು ಹತ್ತಿರದಲ್ಲಿದ್ದಾರೆ ಅಂತ. ನಾನು ಪುಟ್ಟೀನ ಎತ್ಕೊಂಡು ಟೆರೇಸಿನ ನೀರಿನ ಟ್ಯಾಂಕ್ ಹಿಂದೆ ಕೂತೆ. ಮುಕ್ಕಾಲು ಗಂಟೆ. ಅವರು ಯಾವ್ದೋ ಬೇರೆ ಕೆಲಸಕ್ಕೆ ಈ ಊರ ಮೇಲೆ ಹೋಗಿದ್ದು ಅಷ್ಟೆ. ಆದ್ರೆ ಅವತ್ತು ನಾವು ಬೀದೀಲಿ ತರಕಾರಿ ತಗೊಳ್ತಾ ಇದ್ದಿದ್ರೆ?"

"ಪೊಲೀಸರಿಗೆ ಹೇಳಲಿಲ್ವಾ?"

"ಹೇಳ್ದೆ. ಅವರು ಹತ್ರ ಬರಬಾರ್ದು ಅಂತ ಕಾಗದ ಕೊಟ್ಟಿದಾರೆ." ಅವಳು ನಕ್ಕಳು. "ಕಾಗದ ಬಾಗಿಲಿಗೆ ಅಡ್ಡ ನಿಲ್ಲುತ್ತಾ ಅಕ್ಕಾ?"

ನನಗೆ ಪಾಪ ಅನ್ನಿಸಿತು, ಸಿಟ್ಟೂ ಬಂತು. ಯಾರ ಮೇಲೆ ಎಂದು ಗೊತ್ತಿಲ್ಲದ ಸಿಟ್ಟು. ಅವಳ ಕೆಲಸವನ್ನು ನಾನೇ ಮಾಡಿಕೊಡುತ್ತೇನೆ, ಸರದಿಯಲ್ಲಿ ಮೊದಲನೆಯದಾಗಿ ಮಾಡುತ್ತೇನೆ, ಗುರುವಾರವೇ ವೈರಣ್ಣ ಮನೆಗೆ ಬಂದು ಜೋಡಿಸುತ್ತಾನೆ, ಶುಕ್ರವಾರ ಹತ್ತು ಗಂಟೆಗೆ ಒಂದು ನಿಮಿಷವೂ ತಡವಾಗದೆ ಅದು ಎಚ್ಚರಾಗುತ್ತದೆ ಎಂದು ಮಾತು ಕೊಟ್ಟೆ. ಆ ಇಪ್ಪತ್ತೆರಡು ಗಂಟೆ ಮಗಳನ್ನು ಶಾಲೆಗೆ ಕಳಿಸುವುದಿಲ್ಲ, ಇಬ್ಬರೂ ಬಾಗಿಲು ಹಾಕಿಕೊಂಡು ಒಳಗೇ ಇರುತ್ತೇವೆ ಎಂದಳು. ಹೋಗುವಾಗ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ನಾನು ದೊಡ್ಡ ಮನುಷ್ಯಳಾದೆ ಎಂದು ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಆ ಸಾಯಂಕಾಲವೇ ಅವಳ ಹೊಸ ಡಬ್ಬಿಯನ್ನು ತುಂಬಿಸಿದೆ. ಬೇರೆಯವರದಕ್ಕೆ ಮೂರು ನಿಮಿಷ, ಅವಳದಕ್ಕೆ ಅರ್ಧ ಗಂಟೆ. ಯಜಮಾನನ ಹೆಸರು ಸರಿಯಾಗಿ ಬಂದಿದೆಯೇ ಎಂದು ಎರಡೆರಡು ಸಲ ನೋಡಿದೆ. ಅವನ ದೂರ ಸರಿಯಾಗಿ ಕಾಣುತ್ತಿದೆಯೇ ಎಂದು ನೋಡಿದೆ. ಹೊಸದು ಎರಡು ಕಿಲೋಮೀಟರಲ್ಲ, ಎಷ್ಟು ದೂರದಿಂದ ಬೇಕಾದರೂ ಹೇಳಬಲ್ಲದು, ಹತ್ತು ಕಿಲೋಮೀಟರಿನಿಂದಲೇ ಹೇಳುವ ಹಾಗೆ ಇಟ್ಟೆ. ಎಲ್ಲ ಮುಗಿದ ಮೇಲೆ ಪುಟದ ಕೊನೆಯಲ್ಲಿ ಏಳು ಚೌಕಗಳು ಇರುತ್ತವೆ, ಗ್ರಾಹಕರಿಗೆ ಏನೇನು ಸೌಲಭ್ಯ ಬೇಕೆಂದು ಗುರುತು ಹಾಕಲು. ನಮ್ಮ ಮ್ಯಾನೇಜರರ ಕಟ್ಟುನಿಟ್ಟಿನ ಅಪ್ಪಣೆ: ಎಲ್ಲದಕ್ಕೂ ಹೌದು. ಒಂದು ಬಿಟ್ಟರೂ ಮಾರನೇ ದಿನ ಗ್ರಾಹಕರು ಅದು ಕೆಲಸ ಮಾಡುತ್ತಿಲ್ಲ ಎಂದು ತಲೆ ತಿನ್ನಲು ಬರುತ್ತಾರೆ. ದಿನಕ್ಕೆ ಎಪ್ಪತ್ತು ಸಲ ಆ ಏಳು ಚೌಕಗಳ ಮೇಲೆ ನನ್ನ ಹೆಬ್ಬೆರಳು ಓಡುತ್ತಿತ್ತು. ಅಂದೂ ಓಡಿತು. ನಾನು ಓದಲಿಲ್ಲ. ಅಷ್ಟೊತ್ತು ಕಣ್ಣಲ್ಲಿ ಕಣ್ಣಿಟ್ಟು ನೋಡಿದವಳು ಕೊನೆಯ ಏಳು ಸಾಲುಗಳನ್ನು ಓದಲಿಲ್ಲ.

ಶುಕ್ರವಾರ ಬಂತು. ಅಂಗಡಿ ತೆರೆಯುವ ಮೊದಲೇ ಬಾಗಿಲ ಮುಂದೆ, ಕೊಳ್ಳಲು ಬಂದವರು, ನೋಡಲು ಬಂದವರು ಸೇರಿ ಇನ್ನೂರು ಜನ. ಮೇಷ್ಟರು ಹೆಂಡತಿ, ಮಗ, ಸೊಸೆ ಎಲ್ಲರನ್ನೂ ಕರೆದುಕೊಂಡು ಬಂದಿದ್ದರು. ಮ್ಯಾನೇಜರ್ ಗೋಡೆ ಗಡಿಯಾರ ನೋಡಿ ಕೈ ಎತ್ತಿದರು. ಹತ್ತು ಗಂಟೆಗೆ ಸರಿಯಾಗಿ ಅಂಗಡಿಯಲ್ಲಿದ್ದವರ ಫೋನುಗಳೆಲ್ಲ ಒಟ್ಟಿಗೆ ಸದ್ದು ಮಾಡಿದವು.

"ಬಂತು ಬಂತು!" ಎಂದು ಮೇಷ್ಟರು ಮಗುವಿನ ಹಾಗೆ ಕೂಗಿದರು. "ನೋಡಮ್ಮಾ, ನಮ್ಮನೆ ನಕ್ಷೆ ಸಮೇತ ಬಂದಿದೆ. ನನ್ನ ಫೋನಲ್ಲೂ ಬಂದಿದೆ, ಇವಳ ಫೋನಲ್ಲೂ ಬಂದಿದೆ. ಇಗೋ, ನಾವು ನಾಲ್ಕು ಜನ ಇಲ್ಲಿ ನಿಂತಿದೀವಿ, ನಾಲ್ಕು ಚುಕ್ಕೆ!"

"ಹೌದು ಸರ್," ಎಂದೆ, ಕರಪತ್ರದಲ್ಲಿದ್ದ ವಾಕ್ಯವನ್ನು ಗಿಳಿಪಾಠದಂತೆ ಒಪ್ಪಿಸಿದೆ. "ಹಳೇದ್ರಲ್ಲಿ ಮನೆ ಮಾತ್ರ ನಿಮ್ಮನ್ನ ನೋಡ್ತಿತ್ತು. ಹೊಸದ್ರಲ್ಲಿ ನೀವೂ ಮನೇನ ನೋಡಬಹುದು, ಒಬ್ಬರನ್ನೊಬ್ರು ನೋಡಬಹುದು."

ಆ ಮಾತನ್ನು ಮೂರು ತಿಂಗಳಿಂದ ಸಾವಿರ ಸಲ ಹೇಳಿದ್ದೆ. ನನ್ನ ಕಿವಿಗೆ ಅದು ಬಿದ್ದದ್ದು ಆಗಲೇ.

ಹಳೆಯ ಡಬ್ಬಿಗೆ ಒಂದೇ ಕಡೆಯ ಕಣ್ಣಿತ್ತು. ಮನೆಯವರು ಎಲ್ಲಿದ್ದಾರೆಂದು ಡಬ್ಬಿಗೆ ಗೊತ್ತಾಗುತ್ತಿತ್ತು. ಡಬ್ಬಿ ಎಲ್ಲಿದೆಯೆಂದು ಮನೆಯವರಿಗೆ ಅದು ಹೇಳುತ್ತಿರಲಿಲ್ಲ, ತಮ್ಮ ಮನೆ ಎಲ್ಲಿದೆಯೆಂದು ಯಾರಾದರೂ ಕೇಳುತ್ತಾರೆಯೇ? ಆ ಒಂದು ಕೊರತೆಯ ಆಸರೆಯಲ್ಲಿ ಪರದೆ ಹೊಲಿಯುವವಳು ಹನ್ನೊಂದು ತಿಂಗಳು ಬದುಕಿದ್ದಳು. ಹೊಸದರಲ್ಲಿ ಕೊರತೆಯನ್ನು ಸರಿಪಡಿಸಿದ್ದರು. ನಾನು ಹೌದು ಎಂದು ಗುರುತು ಹಾಕಿದ್ದೆ.

ಟ್ಯಾಬಿನಲ್ಲಿ ಅವಳ ಖಾತೆ ತೆರೆದೆ. 'ನಿಮ್ಮ ಹೊಸ ಮನೆಯ ವಿಳಾಸವನ್ನು ಎಲ್ಲ ಸದಸ್ಯರಿಗೂ ತಿಳಿಸಲಾಗಿದೆ' ಎಂದಿತ್ತು. ಯಜಮಾನ, ನಲವತ್ತೊಂದು ಕಿಲೋಮೀಟರ್. ದೇವರೇ, ಅವನು ನಿದ್ದೆ ಮಾಡುತ್ತಿರಲಿ, ಫೋನು ಎಲ್ಲೋ ಮರೆತು ಹೋಗಿರಲಿ ಎಂದುಕೊಂಡೆ. ಅಳಿಸಲು ನೋಡಿದೆ. ಹೊಸದರಲ್ಲಿ ಖಾತೆಯ ಯಜಮಾನರ ಫೋನಿನಿಂದ ಮಾತ್ರ ಅಳಿಸಬಹುದು ಎಂದು ಬಂತು. ಅವಳಿಗೆ ಫೋನ್ ಮಾಡಿದೆ, ರಿಂಗಾಗಿ ನಿಂತಿತು. ಮತ್ತೆ ಮಾಡುತ್ತಿರುವಾಗಲೇ ಆ ಸಂಖ್ಯೆ ನಲವತ್ತಾಯಿತು.

ಟ್ಯಾಬು ಹಿಡಿದುಕೊಂಡು ರಿಪೇರಿ ಕೋಣೆಗೆ ಓಡಿಹೋಗಿ, "ವೈರಣ್ಣ, ಸ್ಕೂಟರ್ ತೆಗಿ," ಎಂದೆ. ಅವನು ನನ್ನ ಮುಖ ನೋಡಿದ, ಟ್ಯಾಬು ನೋಡಿದ. ಕೀಲಿ ಎತ್ತಿಕೊಂಡ.

ಹಿಂದಿನ ಬಾಗಿಲಿನಿಂದ ಹೊರಟೆವು. ಟ್ಯಾಬನ್ನು ಎದೆಗೆ ಅವುಚಿಕೊಂಡಿದ್ದೆ. ಮೂವತ್ತೆಂಟು. ಸಿಗ್ನಲ್ಲಿನಲ್ಲಿ ನಿಂತಾಗ ಪೊಲೀಸರಿಗೆ ಫೋನ್ ಮಾಡಿದೆ. ಅತ್ತ ಕಡೆಯವನು ಸಮಾಧಾನವಾಗಿ, ಅವರು ಬಂದು ಏನಾದರೂ ಮಾಡಿದ್ದಾರೆಯೇ ಎಂದು ಕೇಳಿದ. ಇನ್ನೂ ಬಂದಿಲ್ಲ, ಬರುತ್ತಿದ್ದಾರೆ ಎಂದೆ. ಹಾಗಾದರೆ ಬಂದ ಮೇಲೆ ಫೋನ್ ಮಾಡಿ ಎಂದ. ನಾನು ಬಾಯಿಗೆ ಬಂದ ಹಾಗೆ ಬೈದೆ, ಅಷ್ಟರಲ್ಲಿ ಅವನು ಫೋನ್ ಇಟ್ಟಿದ್ದ.

"ಎಷ್ಟು?" ವೈರಣ್ಣ ಕೇಳಿದ.

"ಮೂವತ್ತಮೂರು. ಕಾರಿರಬೇಕು."

"ಬಿಗಿಯಾಗಿ ಹಿಡ್ಕೋ ತಾಯಿ," ಎಂದು ಅವನು ಬಸ್ಸಿನ ಎಡಕ್ಕೆ ನುಗ್ಗಿಸಿದ.

ಅವಳ ಮನೆ ಮೂರನೇ ಮಹಡಿ. ಮೆಟ್ಟಿಲು ಹತ್ತುವಾಗಲೇ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು, ಅದಕ್ಕೇ ಅವಳಿಗೆ ಫೋನಿನ ಸದ್ದು ಕೇಳಿಸಿರಲಿಲ್ಲ. ಬಾಗಿಲು ಬಡಿದೆ. ಯಂತ್ರ ನಿಂತಿತು. ಆಮೇಲೆ ಒಳಗಿಂದ ಉಸಿರಾಟದ ಸದ್ದೂ ಇಲ್ಲ.

"ನಾನು ಕಣಮ್ಮಾ, ಅಂಗಡಿ ಅಕ್ಕ."

ಬಾಗಿಲು ತೆರೆಯಿತು. ಒಂದೇ ಕೋಣೆ, ಅಡುಗೆಗೊಂದು ಮೂಲೆ. ಕೋಣೆಯ ತುಂಬ ನೀಲಿ ಪರದೆ ಬಟ್ಟೆ. ಏಳು ವರ್ಷದ ಮಗಳು ನೆಲದ ಮೇಲೆ ಕೂತು ಪರದೆಯ ಉಂಗುರಗಳನ್ನು ದಾರಕ್ಕೆ ಪೋಣಿಸುತ್ತಿದ್ದಳು. ಕಿಟಕಿಯ ಕಟ್ಟೆಯ ಮೇಲೆ ಹೊಸ ಡಬ್ಬಿ, ಅದರ ಹಸಿರು ದೀಪ.

ಏನು ಮಾಡಿದ್ದೇನೆಂದು ಹೇಳಿದೆ. ತೊದಲುತ್ತ, ಅರ್ಧಂಬರ್ಧ ಹೇಳಿದೆ. ಅವಳು ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಎಷ್ಟು?" ಎಂದಳು.

"ಇಪ್ಪತ್ತಾರು."

ಅವಳು ಮಗಳ ಕಡೆ ತಿರುಗಿದಳು, ಅಷ್ಟೆ. ಪುಟ್ಟಿ ಉಂಗುರಗಳನ್ನು ಕೆಳಗಿಟ್ಟು ಎದ್ದು ಹೋಗಿ ಶೂ ಹಾಕಿಕೊಂಡಿತು. ಹಿಂದೆ ಎಷ್ಟು ಸಲ ಅಭ್ಯಾಸ ಮಾಡಿಸಿದ್ದಳೋ, ಆ ಮಗುವಿಗೆ ಲೇಸು ಕಟ್ಟಿಕೊಳ್ಳಲು ಹತ್ತು ಸೆಕೆಂಡೂ ಬೇಕಾಗಲಿಲ್ಲ. ನನಗೆ ಆ ಹೊತ್ತಿನಲ್ಲಿ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿದ್ದು ಅದೇ. ಅವಳು ಬಾಗಿಲ ಹಿಂದಿನಿಂದ ಮೊದಲೇ ತುಂಬಿಸಿಟ್ಟಿದ್ದ ಚೀಲವನ್ನು ಹೆಗಲಿಗೆ ಹಾಕಿಕೊಂಡಳು, ಫೋನನ್ನು ಜೇಬಿಗೆ ಸೇರಿಸಿದಳು, ಮಗಳ ಕೈ ಹಿಡಿದಳು.

"ಎಲ್ಲಿಗೆ ಹೋಗ್ತೀಯಾ?" ಎಂದೆ.

"ಅದನ್ನ ಕೇಳಬೇಡಿ ಅಕ್ಕಾ."

ಅವರು ಮೆಟ್ಟಿಲಿಳಿಯುವ ಸದ್ದು ಇನ್ನೂ ಕೇಳುತ್ತಿತ್ತು. ಕಿಟಕಿಯ ಕಟ್ಟೆಯಿಂದ ಇಂಪಾದ ಹೆಣ್ಣು ದನಿ ಕೇಳಿತು. ಅದು ಡಬ್ಬಿ.

"ಅಮ್ಮ ಮನೆಯಿಂದ ಹೊರಟಿದ್ದಾರೆ. ಯಜಮಾನರಿಗೆ ತಿಳಿಸಲಾಗಿದೆ."

ವೈರನ್ನು ಗೋಡೆಯಿಂದ ಕಿತ್ತೆಸೆದೆ. ಹಸಿರು ದೀಪ ಆರಲಿಲ್ಲ. ಕರೆಂಟು ಹೋದರೂ ಎಂಟು ಗಂಟೆ ನಡೆಯುತ್ತದೆ ಎಂದು ಅದರ ಗುಣಗಾನ ಮಾಡಿದವಳೂ ನಾನೇ ಅಲ್ಲವೇ. ಅದಲ್ಲದೆ ಡಬ್ಬಿಯನ್ನು ಒಡೆದು ಪುಡಿ ಮಾಡಿದರೂ ಅವಳ ಜೇಬಿನಲ್ಲಿದ್ದ ಫೋನು ಅವನಿಗೆ ದಾರಿ ತೋರಿಸುತ್ತಲೇ ಇತ್ತು. ನಾನು ಎರಡೆರಡು ಮೆಟ್ಟಿಲು ಹಾರಿ ಇಳಿದೆ.

ಅವರು ಬೀದಿಯ ತುದಿಯ ಬಸ್ ಸ್ಟಾಪಿನಲ್ಲಿದ್ದರು, ಬೇರೆ ನಾಲ್ಕೈದು ಜನರ ನಡುವೆ. ನಾನು ಏದುಸಿರು ಬಿಡುತ್ತ, "ಫೋನು, ಫೋನು," ಎಂದೆ. ಅವಳಿಗೆ ತಕ್ಷಣ ಅರ್ಥವಾಯಿತು. ತೆಗೆದು ಆರಿಸಲು ಹೋದಳು.

"ಆರಿಸಬೇಡ," ಎಂದು ತಡೆದೆ. "ಆರಿಸಿದ್ರೆ ಕೊನೇ ಚುಕ್ಕೆ ಇಲ್ಲೇ ನಿಲ್ಲುತ್ತೆ. ಅವನು ಇಲ್ಲಿಗೇ ಬರ್ತಾನೆ. ಯಾವ ಬಸ್ ಹತ್ತಿದ್ರು ಅಂತ ಯಾರಾದ್ರೂ ಒಬ್ರು ಹೇಳ್ತಾರೆ. ನಂಗೆ ಕೊಡು. ನಾನು ತಗೊಂಡು ಹೋಗ್ತೀನಿ, ಬೇರೆ ಕಡೆಗೆ."

ಅವಳು ಆ ಫೋನನ್ನು ಒಮ್ಮೆ ನೋಡಿದಳು. ಅವಳಿಗೆ ಕೆಲಸ ಕೊಡುತ್ತಿದ್ದವರ ನಂಬರುಗಳೆಲ್ಲ ಅದರಲ್ಲೇ, ಮಗಳ ಫೋಟೋಗಳೂ ಅದರಲ್ಲೇ. ನನ್ನ ಅಂಗೈಯಲ್ಲಿ ಇಟ್ಟಳು.

"ಅಕ್ಕಾ, ಅವರು ಮೊದಲು ತುಂಬ ಚೆನ್ನಾಗಿ ಮಾತಾಡ್ತಾರೆ," ಎಂದಳು. "ನಂಬಬೇಡಿ."

ಬಸ್ಸು ಬಂತು. ಪುಟ್ಟಿ ಹತ್ತುವಾಗ ನನ್ನ ಕಡೆ ತಿರುಗಿ, ದೊಡ್ಡವರ ಹಾಗೆ ತಲೆಯಾಡಿಸಿತು. ನಾನು ಬಸ್ಸಿನ ಬೋರ್ಡನ್ನು ಬೇಕೆಂದೇ ಓದಲಿಲ್ಲ. ಬೆನ್ನು ತಿರುಗಿಸಿ ನಿಂತೆ, ಅದು ಹೊರಟ ಸದ್ದು ದೂರವಾಗುವವರೆಗೆ.

ಎಲ್ಲಿಗೆ ಹೋಗುವುದು? ಪೊಲೀಸ್ ಠಾಣೆ ಎಂದ, ಸ್ಕೂಟರನ್ನು ಅಲ್ಲಿಗೇ ತಂದು ನಿಲ್ಲಿಸಿದ ವೈರಣ್ಣ. ಹೋದೆವು. ಏನೂ ಆಗದೆ ದೂರು ಬರೆದುಕೊಳ್ಳುವುದು ಹೇಗೆ ಎಂದರು, ಒಬ್ಬನನ್ನು ಅಂಗಡಿಗೆ ಕಳಿಸುತ್ತೇವೆ ಎಂದರು. ಅಂಗಡಿಯಲ್ಲಿ ಇನ್ನೂರು ಜನರಿದ್ದಾರೆ, ಅಲ್ಲಿ ಅವನು ಏನೂ ಮಾಡಲಾರ ಎಂದು ನಾನೂ ಧೈರ್ಯ ತಂದುಕೊಂಡು ಅಲ್ಲಿಗೇ ವಾಪಸು ಬಂದೆ. ಅವಳ ಫೋನನ್ನು ರಿಪೇರಿಗೆ ಬಂದ ಫೋನುಗಳ ಡ್ರಾಯರಿನಲ್ಲಿಟ್ಟು ಕೌಂಟರಿನಲ್ಲಿ ಕೂತೆ. ಟ್ಯಾಬು ಮುಂದಿತ್ತು, ಅದೀಗ ತೋರಿಸುತ್ತಿದ್ದದ್ದು ಅವಳ ಫೋನಿಗೂ ಅವನಿಗೂ ನಡುವಿನ ದೂರ. ಒಂಬತ್ತು. ಆರು. ಮ್ಯಾನೇಜರ್ ಬಂದು, ಇಷ್ಟು ಹೊತ್ತು ಎಲ್ಲಿ ಹಾಳಾಗಿ ಹೋಗಿದ್ದೆ ಎಂದು ರೇಗಿದರು. ನಾನು ಕೇಳಿಸಿಕೊಳ್ಳಲಿಲ್ಲ. ನಾಲ್ಕು. ಆಮೇಲೆ ಬಹಳ ಹೊತ್ತು ನಾಲ್ಕರಲ್ಲೇ ನಿಂತಿತು. ಅಂಗಡಿಯಿಂದ ಅವಳ ಮನೆ ನಾಲ್ಕು ಕಿಲೋಮೀಟರ್, ಅವನು ಅಲ್ಲಿದ್ದ.

ಆ ನೀಲಿ ಬಟ್ಟೆ, ನೆಲದ ಮೇಲಿನ ಉಂಗುರಗಳು ನನ್ನ ಕಣ್ಣ ಮುಂದೆ ಬಂದವು. ಒಬ್ಬ ಗ್ರಾಹಕರ ಬಿಲ್ಲಿನಲ್ಲಿ ಮೂರು ಸಲ ತಪ್ಪು ಬರೆದೆ.

ಮೂರು. ಒಂದು. ಸೊನ್ನೆ.

ಬಾಗಿಲಲ್ಲಿ ಹತ್ತು ಜನ ಒಳಬರುತ್ತಿದ್ದರು. ಅವರಲ್ಲಿ ಅವನು ಯಾರೆಂದು ನನಗೆ ಗೊತ್ತಾಗಲಿಲ್ಲ, ಅದೇ ಆ ಕ್ಷಣದ ಘೋರ. ಕೊನೆಗೆ ಒಬ್ಬನು ಟೋಕನ್ ತೆಗೆದುಕೊಂಡು, ತನ್ನ ಸರದಿ ಬರುವವರೆಗೆ ಕುರ್ಚಿಯಲ್ಲಿ ಕೂತು, ಕರೆದಾಗ ಎದ್ದು ನನ್ನ ಮುಂದೆ ಬಂದ. ಇಸ್ತ್ರಿ ಮಾಡಿದ ಅಂಗಿ, ನೀಟಾಗಿ ಬಾಚಿದ ತಲೆ. ಮೇಷ್ಟರ ಹೆಂಡತಿಗೆ ದಾರಿ ಬಿಟ್ಟು, "ನೀವು ಹೋಗಿ ಅಮ್ಮಾ," ಎಂದದ್ದು ನನಗೆ ಕೇಳಿಸಿತು.

"ತೊಂದರೆ ಕೊಡ್ತಿದೀನಿ ಮೇಡಂ," ಎಂದು ಫೋನನ್ನು ನನ್ನತ್ತ ತಿರುಗಿಸಿದ. "ನನ್ನ ಹೆಂಡತಿ ಇಲ್ಲೇ ಇದಾಳೆ ಅಂತ ತೋರಿಸ್ತಿದೆ."

"ಫೋನ್ ರಿಪೇರಿಗೆ ಕೊಟ್ಟು ಹೋಗಿರಬೇಕು ಸರ್. ದಿನಾ ನೂರು ಬರ್ತಾವೆ."

"ಕೊಡಿ, ನಾನೇ ತಗೊಂಡು ಹೋಗ್ತೀನಿ."

"ಕೊಟ್ಟವರು ರಸೀದಿ ತಂದ್ರೆ ಮಾತ್ರ ಕೊಡೋದು. ನಿಯಮ."

ಅವನು ನನ್ನನ್ನೇ ನೋಡಿದ. ಸಿಟ್ಟಿನಿಂದಲ್ಲ, ಹೊಸ ಯಂತ್ರದ ಕೈಪಿಡಿಯನ್ನು ಓದುವವನ ಹಾಗೆ ನಿಧಾನವಾಗಿ ನೋಡಿದ. ಆಮೇಲೆ ಮುಗುಳ್ನಕ್ಕ.

"ನಿಯಮ ಅಂದ್ರೆ ನಿಯಮ. ಹಾಗಾದ್ರೆ ಅವಳು ತಗೊಳ್ಳೋಕೆ ಬರಲೇಬೇಕಲ್ಲ. ನಾನು ಕಾಯ್ತೀನಿ."

ಹೋಗಿ ಕುರ್ಚಿಯಲ್ಲಿ ಕೂತ. ಠಾಣೆಯವನೊಬ್ಬ ಬಂದ, ಇಬ್ಬರೂ ಮಾತಾಡಿದರು. ಗಂಡ ತನ್ನ ಗುರುತಿನ ಚೀಟಿ ತೋರಿಸಿದ, ಮಗಳ ಫೋಟೋ ತೋರಿಸಿ ಕಣ್ಣೊರೆಸಿಕೊಂಡ. ಹೆಂಡತಿ ಇಲ್ಲದ ಜಾಗದಲ್ಲಿ ಅವಳ ಹತ್ತಿರ ಬರಬಾರದೆಂಬ ಕಾಗದಕ್ಕೆ ಏನು ಕೆಲಸ? ಠಾಣೆಯವನು ಅವನ ಭುಜ ತಟ್ಟಿ ಹೊರಟುಹೋದ.

ಮಾರನೇ ದಿನವೂ ಬಂದ. ಅದರ ಮಾರನೇ ದಿನವೂ. ಅಂಗಡಿ ತೆರೆಯುವ ಹೊತ್ತಿಗೆ ಬಂದು, ಮುಚ್ಚುವಾಗ ಎದ್ದು ಹೋಗುತ್ತಿದ್ದ. ಹೊಸ ಡಬ್ಬಿಗೆ ಕಾಯುತ್ತಿದ್ದ ಜನರ ನಡುವೆ ಅವನೂ ಒಬ್ಬನಾಗಿ ಕಾಣುತ್ತಿದ್ದ. ಮೇಷ್ಟರು ಅವನ ಜೊತೆ ಹವಾಮಾನ ಮಾತಾಡುತ್ತಿದ್ದರು. ಮ್ಯಾನೇಜರ್ ಅವನಿಗೆ ಟೀ ತರಿಸಿಕೊಡುತ್ತಿದ್ದರು. ನಾನು ಎಲ್ಲ ಹೇಳಿದರೂ ಅವರು, "ಸುಮ್ಮನೆ ಕೂತಿರೋ ಮನುಷ್ಯನ್ನ ಏನಂತ ಓಡಿಸೋದಮ್ಮ?" ಎಂದರು. ಮೂರನೇ ದಿನ ಅವನು ಕೌಂಟರಿನ ಹತ್ತಿರ ಬಂದು, "ನೀವು ಬಸ್ಸಲ್ಲಿ ಹೋಗ್ತೀರಲ್ವಾ ಮೇಡಂ, ಹನ್ನೆರಡನೇ ನಂಬರು?" ಎಂದು ವಿಚಾರಿಸಿದ. ಆ ದಿನದಿಂದ ವೈರಣ್ಣ ನನ್ನನ್ನು ಮನೆಯವರೆಗೆ ಬಿಟ್ಟುಬರುತ್ತಿದ್ದ. ಮನೆಗೆ ಹೋಗಿ ಬಾಗಿಲಿನ ಬೀಗವನ್ನು ನಾಲ್ಕು ಸಲ ಎಳೆದು ನೋಡುತ್ತಿದ್ದೆ. ಊಟ ಸೇರುತ್ತಿರಲಿಲ್ಲ. ಮೆಟ್ಟಿಲಲ್ಲಿ ಯಾರ ಹೆಜ್ಜೆ ಕೇಳಿದರೂ ಉಸಿರು ಹಿಡಿಯುತ್ತಿದ್ದೆ. ಹನ್ನೊಂದು ತಿಂಗಳು ಅವಳು ಹೀಗೇ ಇದ್ದಳಲ್ಲ ಎಂದು ನೆನೆದರೆ ನಾಚಿಕೆಯಾಗುತ್ತಿತ್ತು, ನನ್ನದು ವಾರವೂ ಆಗಿರಲಿಲ್ಲ.

ಆದರೂ ದಿನಾ ಬೆಳಿಗ್ಗೆ ಒಂದು ಕೆಲಸ ತಪ್ಪದೆ ಮಾಡುತ್ತಿದ್ದೆ. ಡ್ರಾಯರಿನಲ್ಲಿದ್ದ ಅವಳ ಫೋನಿಗೆ ಚಾರ್ಜ್ ಹಾಕುತ್ತಿದ್ದೆ. ಅವಳ ಚುಕ್ಕೆ ಅಂಗಡಿಯಲ್ಲಿ ಉರಿಯುತ್ತಿರುವಷ್ಟು ದಿನ ಅವನು ಈ ಕುರ್ಚಿ ಬಿಟ್ಟು ಏಳುವುದಿಲ್ಲ. ಅವನು ಇಲ್ಲಿ ಕೂತಷ್ಟು ಹೊತ್ತು ಅವಳು ಎಲ್ಲೋ ಒಂದು ಕಡೆ ಪುಟ್ಟಿಗೆ ಹೊಸ ಶಾಲೆ ಹುಡುಕುತ್ತಿರಬಹುದು, ಬಾಡಿಗೆಗೆ ಒಂದು ಯಂತ್ರ ತಂದಿರಬಹುದು. ಅವನು ಎದುರಿಗಿದ್ದರೆ ನನಗೆ ಜೀವ ಹೋಗುವಷ್ಟು ಹೆದರಿಕೆ. ಆದರೂ ಅವನು ಬರಲಿ ಎಂದೇ ಕಾಯುತ್ತಿದ್ದೆ.

ಒಂಬತ್ತನೆಯ ದಿನ ಅವನು ಬರಲಿಲ್ಲ.

ಹತ್ತಾಯಿತು, ಹನ್ನೊಂದಾಯಿತು. ಕುರ್ಚಿಯಲ್ಲಿ ಬೇರೆ ಯಾರೋ ಕೂತರು. ತಡವಾಗಿರಬೇಕು ಎಂದುಕೊಂಡು ಟ್ಯಾಬಿನಲ್ಲಿ ಅವಳ ಖಾತೆ ತೆರೆದೆ. ಸದಸ್ಯರು ಎಂಬಲ್ಲಿ ಅಮ್ಮ ಎಂಬ ಒಂದೇ ಹೆಸರಿತ್ತು. ಎರಡು ಸಲ ಮುಚ್ಚಿ ತೆರೆದೆ. ಯಜಮಾನನ ಫೋನಿನಿಂದ ಮಾತ್ರ ಅಳಿಸಬಹುದು ಎಂದು ಅಂದು ಬಂದಿತ್ತಲ್ಲ. ಅವನು ತನ್ನ ಹೆಸರನ್ನು ತಾನೇ ಅಳಿಸಿಕೊಂಡಿದ್ದ. ಎಷ್ಟು ದೂರ, ಯಾವ ದಿಕ್ಕು, ಹೋಗುತ್ತಿದ್ದಾನೋ ಬರುತ್ತಿದ್ದಾನೋ, ಈಗ ಯಾವ ಡಬ್ಬಿಗೂ ಗೊತ್ತಿರಲಿಲ್ಲ.

"ವೈರಣ್ಣಾ," ಎಂದು ಕೂಗಿದೆ. ನನ್ನ ದನಿ ಕೇಳಿ ಸರದಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಅವನು ಓಡಿಬಂದು ಟ್ಯಾಬನ್ನು ನೋಡಿ, "ಅವಳಿಗೆ ಫೋನ್ ಮಾಡು, ಬೇಗ, ಈಗ್ಲೇ ಹೇಳು," ಎಂದ.

ಡ್ರಾಯರು ತೆರೆದಿತ್ತು. ಚಾರ್ಜು ತುಂಬಿದ ಅವಳ ಫೋನು ನನ್ನ ಕೈಯಲ್ಲೇ ಇತ್ತು.